ಎದುರಿನ ಒದ್ದೆ ಕುರ್ಚಿ

ನೀವು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಯುದ್ಧದಲ್ಲಿ ನಮ್ಮ ಪೈಲಟ್‌ಗಳು ಹೊಡೆದುರುಳಿಸಿದೆವು ಎಂದ ವಿಮಾನಗಳು ನಿಜಕ್ಕೂ ಬಿದ್ದವೇ ಎಂದು ಶತ್ರುಗಳ ನಷ್ಟದ ದಾಖಲೆಯ ಜೊತೆ ತಾಳೆ ನೋಡುವುದು ನನ್ನ ಕೆಲಸ. ಒಬ್ಬ ಪೈಲಟ್, ಒಂದನ್ನು ಕಡಲಿಗೆ ಕೆಡವಿದೆ ಎಂದಿದ್ದ. ಆ ದಿನ ತಮ್ಮ ವಿಮಾನಗಳೆಲ್ಲ ಮರಳಿದವು ಎನ್ನುತ್ತಿತ್ತು ಶತ್ರುಗಳ ದಾಖಲೆ. ಅವನ ಮಾತಿನ ಮೇಲೆ ಕೆಂಪು ಗೆರೆ ಎಳೆದೆ.

ಊಟ ಮುಗಿಸಿ ಬಂದರೆ ನನ್ನೆದುರಿನ ಕುರ್ಚಿ ತೊಯ್ದು ತೊಪ್ಪೆಯಾಗಿತ್ತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ನಮ್ಮೂರಿಂದ ಕಡಲಿಗೆ ಎರಡು ದಿನದ ದಾರಿ. ಹೊರಗೆ ಬಿರುಬೇಸಿಗೆ, ಕುರ್ಚಿಯ ಸುತ್ತ ಮಾತ್ರ ಕೊರೆಯುವ ಚಳಿ. ಒರೆಸಿದರೂ ಮರುದಿನ ಮತ್ತೆ ಅದೇ.

"ಗೆರೆ ಅಳಿಸಿಬಿಡಮ್ಮ, ಸತ್ತವರನ್ನ ಯಾಕೆ ಸುಮ್ನೆ ಎದುರು ಹಾಕ್ಕೋತೀಯ?" ಎಂದರು ಮೇಲಧಿಕಾರಿ, ಬಾಗಿಲಲ್ಲೇ ನಿಂತು.

"ಜಪ್ಪಯ್ಯ ಅಂದ್ರೂ ಅಳಿಸಲ್ಲ ಸರ್. ಹೆದರಿಸಿ ಗೆಲುವು ಬರೆಸ್ಕೊಳ್ಳೋಕೆ ಇದೇನು ಆ ಪೈಲಟ್‌ನ ಅಪ್ಪನ ಆಫೀಸಾ?"

ಮೇಲಧಿಕಾರಿಯ ಮುಖ ಬಿಳಿಚಿಕೊಂಡಿತು. "ಆ ಪೈಲಟ್ ಇನ್ನೂ ಬದುಕಿದಾರೆ ಕಣಮ್ಮ. ನಿನ್ನೆ ತಾನೇ ಫೋನ್ ಮಾಡಿದ್ರು."

ಶತ್ರುಗಳ ದಾಖಲೆಯನ್ನು ಮತ್ತೆ ತೆರೆದು ನೋಡಿದೆ: ಎಲ್ಲ ವಿಮಾನಗಳೂ ಮರಳಿದವು. ಕುರ್ಚಿಯತ್ತ ತಿರುಗಿ ಹೇಳಿದೆ: "ಹಾಗಾದ್ರೆ ನಿನ್ನ ದೇಶದವರ ಹತ್ರ ಹೋಗಯ್ಯ. ನೀನು ವಾಪಸ್ ಬರ್ಲಿಲ್ಲ ಅಂತ ಮೊದ್ಲು ಅವರ ಕೈಲಿ ಬರೆಸ್ಕೊಂಡು ಬಾ."

ಗೆರೆ ಹಾಗೇ ಇದೆ. ಕುರ್ಚಿ ಇವತ್ತಿಗೂ ಒಣಗಿಲ್ಲ.