ಕೆಂಚ ಬೊಗಳಿದ್ದು ಯಾತಕ್ಕೆ

ನಮ್ಮ ಕೆಂಚನನ್ನು ಊರವರು ಮೂಗನಾಯಿ ಎಂದು ಆಡಿಕೊಳ್ಳುತ್ತಿದ್ದರು. ನಮ್ಮ ಯಜಮಾನರ ಹೆಣ ಎತ್ತಿದಾಗಲೂ ಅದು ಬಾಯಿ ಬಿಡಲಿಲ್ಲ. ಅವರು ಹೋಗಿ ಮೂರು ತಿಂಗಳಾದ ಮೇಲೆ, ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಕೊಡುವ ಹೊತ್ತಿಗೆ ಹೊಲಕ್ಕೆ ಓಡಿ ಬೊಗಳತೊಡಗಿತು.

ಮೈದುನನ ಮಗ ಪುಟ್ಟರಾಜು ಬಂದ. "ನಿದ್ದೆ ಇಲ್ಲ ಕಣ್ ದೊಡ್ಡವ್ವ. ನಾಳಿಕೆ ಇದನ್ನ ಬ್ಲಫ್ ಫಾಲ್ಸ್ ತಾವ ಬುಟ್ಟು ಬತ್ತೀನಿ."

"ಇವತ್ತೊಂದಿನ ತಡ್ಕೊಳ್ಳಾ. ಯಾತಕ್ಕೆ ಬೊಗಳ್ತದೆ ನೋಡ್ತೀನಿ."

"ಕೇಳು, ಅರ್ಜಿ ಬರ್ಕೊಡ್ತದೆ!"

ಮನೆಯಲ್ಲಿ ನನ್ನ ಜೊತೆಗಿದ್ದ ಜೀವ ಅದೊಂದೇ. ರಾತ್ರಿ ಬ್ಯಾಟರಿ ಹಿಡಿದು ಅದರ ಹಿಂದೆ ಹೋದೆ.

ರಾಗಿ ಹೊಲದಲ್ಲಿ ನೀರು ಹರಿಯುತ್ತಿತ್ತು. ಕರೆಂಟು ಬಂದರೆ ನಮ್ಮ ಮೋಟರು ತಾನೇ ಓಡುತ್ತದೆ. ಆದರೆ ಬೋರಿನ ನೀರು ರಾತ್ರಿ ಬೆಚ್ಚಗಿರಬೇಕು. ಇದು ಕೈ ಕೊರೆಯುವಷ್ಟು ತಣ್ಣಗಿತ್ತು. ಒಂದು ಪಾತಿ ತುಂಬುತ್ತಲೇ ಕೆಂಚ ಒಮ್ಮೆ ಬೊಗಳಿತು. ಕತ್ತಲಲ್ಲಿ ಗುದ್ದಲಿ ಕೆಸರಿಗೆ ಬಿದ್ದ ಸದ್ದಾಯಿತು, ನೀರು ಮುಂದಿನ ಪಾತಿಗೆ ತಿರುಗಿತು. ಅದೂ ತುಂಬಿತು. ಮತ್ತೆ ಬೊಗಳಿತು, ಮತ್ತೆ ಗುದ್ದಲಿ.

ನೀರು ಕಟ್ಟುವಾಗ ಬದುವಿನ ಮೇಲೆ ತೂಕಡಿಸುವುದು ಯಜಮಾನರ ಚಾಳಿ. ಅವರನ್ನು ಎಬ್ಬಿಸುತ್ತಿದ್ದವರು ಯಾರೆಂದು ಆಗ ತಿಳಿಯಿತು. ಇದ್ದಾಗ ಮೂತಿಯಲ್ಲಿ ತಿವಿದರೆ ಸಾಕಿತ್ತು, ಈಗ ತಿವಿಯಲು ಮೈಯಿಲ್ಲ.

"ನಾನು ಬಂದಿವ್ನಿ ಕಣ್ರೀ" ಎಂದೆ. ಗುದ್ದಲಿ ನಿಂತಿತು. ಬ್ಯಾಟರಿ ಹಾಕಿ ನೋಡಿದರೆ ಯಾರೂ ಇಲ್ಲ. ಎಷ್ಟು ಕರೆದರೂ ಓ ಅನ್ನಲಿಲ್ಲ. ಕೆಂಚ ಬೊಗಳಿದ ಮೇಲೆಯೇ ಮತ್ತೆ ಸದ್ದು ಶುರುವಾದದ್ದು.

ಬೆಳಿಗ್ಗೆ ನಾಯಿ ಒಯ್ಯಲು ಬಂದ ಪುಟ್ಟರಾಜು, ನೆನೆದ ಹೊಲ ಕಂಡು ನಿಂತುಬಿಟ್ಟ.

"ದೊಡ್ಡವ್ವ, ನಿಂಗೆ ಹೇಳದು ಮರ್ತಿದ್ದೆ. ಮೋಟ್ರು ಸುಟ್ಟೋಗಿತ್ತು. ನಾನೇ ಬಿಚ್ಚಿ ಮಳವಳ್ಳಿ ಅಂಗ್ಡಿಗಾಕಿ ವಾರ ಆಯ್ತು."

ನಾಯಿಯನ್ನು ಇಲ್ಲೇ ಬಿಟ್ಟು ಹೋದ. ಆ ಮೋಟರು ಇನ್ನೂ ಅಂಗಡಿಯಲ್ಲೇ ಇದೆ. ನಿನ್ನೆ ರಾತ್ರಿ ಕೆಂಚ ಹನ್ನೊಂದು ಸಲ ಬೊಗಳಿತು. ನಮ್ಮದು ಹನ್ನೊಂದೇ ಪಾತಿ.