ಮೂರು ಬೀಪ್‌ಗಳ ಮಧ್ಯಾಹ್ನ

"ಬೀಪ್. ಬೀಪ್. ಬೀಪ್."

ಪರದೆ ಕಪ್ಪಗೇ ಇತ್ತು.

"ಅಯ್ಯೋ, ಮತ್ತೆ ಮೂರು!" ಚಿಟಿಕೆ ಕುರ್ಚಿಯಿಂದ ಜಿಗಿದಳು. "ತಾತ, ಇದು ಮೂರನೇ ಸಲ!"

"ನಾಲ್ಕನೇದು," ಎಂದರು ತಾತ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ. "ಸ್ವಿಚ್ ಆಫ್ ಮಾಡು. ವೈರ್ ತೆಗಿ. ಆಮೇಲೆ ಕಿರುಚು."

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮಿಸ್ ಪ್ರಶ್ನೆ ಕೇಳಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ಕೆಲವು ಸಲ ಪ್ರಶ್ನೆ ಮುಗಿಯುವ ಮೊದಲೇ ಹೇಳಿ, ಮಿಸ್ ಕೇಳದೇ ಇದ್ದ ಪ್ರಶ್ನೆಗೂ ಉತ್ತರ ಕೊಟ್ಟಿದ್ದುಂಟು.

ತಾತ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವರು. ಹೋದ ವರ್ಷ ಅವರ ಬೆರಳುಗಳು ನಡುಗಲು ಶುರುವಾದವು. "ನಡುಗೋ ಕೈಗೆ ಯಾರು ವಾಚ್ ಕೊಡ್ತಾರೆ?" ಎಂದು ನಗುತ್ತಲೇ ಅಂಗಡಿ ಮುಚ್ಚಿದರು. ಮನೆಯಲ್ಲಿ ಬೇರೆ ಯಾರಿಗೂ ನಗು ಬರಲಿಲ್ಲ.

ಈಗ ತಾತ ಮೊಮ್ಮಗಳು ಸೇರಿ ಕಂಪ್ಯೂಟರ್ ಕಟ್ಟುತ್ತಿದ್ದರು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಬಾಟಲಿ ಮುಚ್ಚಳಗಳಲ್ಲಿ ಸಾಲಾಗಿ ಇಟ್ಟಿದ್ದರು. ತಾತ ಭೂತಗನ್ನಡಿ ಹಿಡಿದು ನೋಡಿ ಹೇಳಬೇಕು, ಚಿಟಿಕೆಯ ಬೆರಳು ಮಾಡಬೇಕು. ಎಲ್ಲ ಸರಿಯಾಗೇ ನಡೆದಿತ್ತು, ಈ ಮೆಮೊರಿ ಪಟ್ಟಿಗಳು ಕೈಕೊಡುವವರೆಗೆ. ಮೂರು ಬೀಪ್ ಎಂದರೆ ಮೆಮೊರಿಯಲ್ಲೇ ತೊಂದರೆ ಎಂದರ್ಥ.

ಮೆಮೊರಿ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬೇಕಾದುದನ್ನೆಲ್ಲ ಹರಡಿಕೊಳ್ಳುವ ಜಾಗ. ಜಾಗ ಹೆಚ್ಚಿದ್ದಷ್ಟೂ ಅದಕ್ಕೆ ಆರಾಮ. ಅದಕ್ಕೇ ಕಂಪ್ಯೂಟರಿನ ಹಸಿರು ಬೋರ್ಡಿಗೆ ಸಿಕ್ಕಿಸಲು ಎರಡು ಪಟ್ಟಿ. ಒಂದು ಹೊಸದು, ಇನ್ನೊಂದು ಅಪ್ಪನ ಹಳೇ ಕಂಪ್ಯೂಟರಿನಿಂದ ಬಿಚ್ಚಿದ್ದು.

ಬೆಳಿಗ್ಗೆ ಕೆಲಸಕ್ಕೆ ಹೊರಟ ಅಪ್ಪ ಚಪ್ಪಲಿ ಮೆಟ್ಟುತ್ತಾ ಹೇಳಿದ್ದ: "ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಕೊಟ್ಬಿಡೋಣ. ಪಾಪ, ನೀವ್ಯಾಕಪ್ಪ ಈ ವಯಸ್ಸಲ್ಲಿ ತಲೆ ಕೆಡಿಸ್ಕೋತೀರಿ?"

ಅಪ್ಪ ಪ್ರೀತಿಯಿಂದಲೇ ಹೇಳಿದ್ದು. ಆದರೆ ತಾತ ಕ್ಲೀನಾಗಿಯೇ ಇದ್ದ ಭೂತಗನ್ನಡಿಯನ್ನು ತುಂಬಾ ಹೊತ್ತು ಒರೆಸಿದರು. "ಇದೂ ಕೈಲಾಗ್ಲಿಲ್ಲ ಅಂದ್ರೆ, ನಾನಿನ್ನು ಪೇಪರ್ ಓದ್ಕೊಂಡು ಮೂಲೇಲಿ ಕೂರೋದೇ ವಾಸಿ," ಎಂದರು. ಕಂಪ್ಯೂಟರ್ ಬಂದ ಕೂಡಲೇ ಗೇಮ್ ಆಡಬೇಕೆಂದು ಕನಸು ಕಂಡಿದ್ದ ಚಿಟಿಕೆಗೆ ಈಗ ಗೇಮ್ ನೆನಪೇ ಇರಲಿಲ್ಲ. ಇವತ್ತು ಇದು ಆನ್ ಆಗಲೇಬೇಕು, ತಾತನಿಗೋಸ್ಕರ.

"ಓದು, ಏನೇನ್ ಮಾಡಿದ್ವಿ?" ಎಂದರು ತಾತ.

ಚಿಟಿಕೆ ನೋಟ್‌ಬುಕ್ ಓದಿದಳು. ಎರಡೂ ಪಟ್ಟಿ ಹಾಕಿದಾಗ ಮೂರು ಬೀಪ್. ಜಾಗ ಅದಲು ಬದಲು ಮಾಡಿದಾಗಲೂ ಮೂರು ಬೀಪ್. ಹೊಸದೊಂದನ್ನೇ ಹಾಕಿದರೆ ಪರದೆ ಬೆಳಗುತ್ತದೆ. ಹಳೆಯದೊಂದನ್ನೇ ಹಾಕಿದರೆ ಮೂರು ಬೀಪ್. ಅವಳ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಹಳೆಯದರ ಚಿನ್ನದ ಬಣ್ಣದ ಅಂಚನ್ನು ಉಜ್ಜಿದ ಮೇಲೂ ಮೂರೇ ಬೀಪ್.

"ಹಳೇದು ಹೋಯ್ತು ಬಿಡು ತಾತ. ವಯಸ್ಸಾಯ್ತಲ್ಲ ಅದಕ್ಕೆ," ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು.

ತಾತ ಬೇಸರ ಮಾಡಿಕೊಳ್ಳಲಿಲ್ಲ. "ಮೊನ್ನೆ ಟೆಸ್ಟ್ ಮಾಡಿದಾಗ ಚೆನ್ನಾಗಿತ್ತಲ್ಲ," ಎಂದಷ್ಟೇ ಹೇಳಿ, ಅದನ್ನು ಬಿಚ್ಚಿಸಿ ಹೊಸದರ ಪಕ್ಕ ಬಟ್ಟೆಯ ಮೇಲೆ ಇಡಿಸಿ, ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುಗಿಸಿದರು.

ಮಧ್ಯಾಹ್ನ ಉದ್ದಕ್ಕೆ ಕಾಲು ಚಾಚಿಕೊಂಡಿತು. ಕಿಟಕಿಯ ಬಿಸಿಲು ಮೇಜಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಮೇಲೆ ಫ್ಯಾನ್ ತನ್ನಷ್ಟಕ್ಕೆ ಗುನುಗುತ್ತಿತ್ತು. ಚಿಟಿಕೆ ಗಲ್ಲವನ್ನು ಮೇಜಿಗೆ ಊರಿ, ಅರೆಗಣ್ಣಿನಲ್ಲಿ ಬೋರ್ಡನ್ನೇ ನೋಡಿದಳು.

ಅಷ್ಟು ಹತ್ತಿರದಿಂದ ನೋಡಿದರೆ ಅದೊಂದು ಊರು. ಹಸಿರು ನೆಲ, ಕೂದಲೆಳೆಯಂಥ ಬೀದಿಗಳು, ಅಲ್ಲಲ್ಲಿ ದುಂಡನೆಯ ನೀರಿನ ಟ್ಯಾಂಕುಗಳು. ಅವಳು ಇರುವೆಯಷ್ಟು ಚಿಕ್ಕವಳಾಗಿ ಆ ಬೀದಿಗಳಲ್ಲಿ ನಡೆದಳು. ಎಲ್ಲೂ ಸದ್ದಿಲ್ಲ. ಜನರೆಲ್ಲ ಒಳಗೆ ಮಲಗಿದ್ದಾರೆ, ಕರೆಂಟ್ ಬಂದರೆ ಏಳುತ್ತಾರೆ ಎನ್ನಿಸಿತು. ನಡೆದು ನಡೆದು ಊರಾಚೆಯ ಬಿಳಿ ಬಯಲಿಗೆ ಬಂದಳು. ಅಲ್ಲಿ ಎರಡು ಉದ್ದನೆಯ ಗೋಡೆಗಳು ಬಿದ್ದುಕೊಂಡಿದ್ದವು. ಒಂದರ ಮೇಲೆ 3200 ಎಂದು ಬರೆದಿತ್ತು. ಇನ್ನೊಂದರ ಮೇಲೆ, ಮಾಸಿದ ಅಕ್ಷರದಲ್ಲಿ, 2400.

ಚಿಟಿಕೆ ಕಣ್ಣು ಬಿಟ್ಟಳು. ಗೋಡೆಗಳಲ್ಲ, ಬಿಳಿ ಬಟ್ಟೆಯ ಮೇಲಿದ್ದ ಮೆಮೊರಿ ಪಟ್ಟಿಗಳು. ಅದು ಅವುಗಳ ವೇಗ!

ನಿನ್ನೆ ಹೊಸ ಪಟ್ಟಿ ಹಾಕಿದಾಗ, ಡಬ್ಬಿಯ ಮೇಲೆ 3200 ಎಂದಿದೆಯಲ್ಲಾ ಎಂದು ಸೆಟ್ಟಿಂಗ್ಸಿಗೆ ಹೋಗಿ ವೇಗ ಏರಿಸಿದ್ದು ಯಾರು? ಅವಳೇ. ಹಳೆಯದು ಸತ್ತಿರಲಿಲ್ಲ. ಪಾಪದ್ದು, ಅಷ್ಟು ಜೋರಾಗಿ ಓಡಲಾರದೆ ಕೂಗಿಕೊಳ್ಳುತ್ತಿತ್ತು.

"ತಾ..." ಎಂದು ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು.

ತಾತ ಬೆನ್ನು ಬಾಗಿಸಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಹಳೇ ಪಟ್ಟಿಯನ್ನು ನೋಡುತ್ತಿದ್ದರು. ಅಂಗಡಿಯಲ್ಲಿ ಕೂರುತ್ತಿದ್ದದ್ದು ಹೀಗೆಯೇ. ಈಗ ತಾನು ಹೇಳಿಬಿಟ್ಟರೆ ಕಂಪ್ಯೂಟರೇನೋ ಆನ್ ಆಗುತ್ತದೆ. ತಾತ ಮಾತ್ರ ಪೇಪರ್ ಹಿಡಿದು ಮೂಲೆಗೆ ಹೋಗುತ್ತಾರೆ. ತಾತನೇ ಕಂಡುಹಿಡಿಯಲಿ ಎಂದು ಅವಳು ತುಟಿ ಬಿಗಿದು ಕೂತಳು.

ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವಳಿಗೆ ಆವತ್ತೇ ಗೊತ್ತಾದದ್ದು. ಉತ್ತರ ಗಂಟಲಲ್ಲಿ ಕೂತು ಕಚಗುಳಿ ಇಡುತ್ತಿತ್ತು. ಅವಳು ಸ್ಕ್ರೂ ಎಣಿಸಿದಳು, ನೀರು ಕುಡಿದಳು, ಮತ್ತೆ ಸ್ಕ್ರೂ ಎಣಿಸಿದಳು. ಬಿಸಿಲು ಮೇಜು ದಾಟಿ ನೆಲಕ್ಕಿಳಿಯಿತು.

ತಾತ ಒಮ್ಮೆ ಅವಳ ಕಡೆ ನೋಡಿ ಕೆಮ್ಮಿದರು. ಅವಳೂ ಕೆಮ್ಮಿದಳು.

"ಏನಾದ್ರೂ ಹೊಳೀತಾ?" ಎಂದರು ತಾತ.

"ಇಲ್ಲಪ್ಪ. ನಿಂಗೆ?"

"ಊಹೂಂ."

ಆದರೆ ತಾತನ ಮೀಸೆಯ ತುದಿ ಕುಣಿಯುತ್ತಿತ್ತು. ಚಿಟಿಕೆ ಎದ್ದು ಅವರ ಪಕ್ಕ ಹೋಗಿ ನೋಟ್‌ಬುಕ್ಕಿಗೆ ಇಣುಕಿದಳು. ನಿನ್ನೆಯ ಹಾಳೆಯಲ್ಲಿ 'ವೇಗ 3200 ಮಾಡಿದ್ದು' ಎಂದು ಬರೆದಿತ್ತು. ಅದರ ಸುತ್ತ ಪೆನ್ಸಿಲಿನಿಂದ ಒಂದು ಸೊಟ್ಟ ವೃತ್ತ.

"ತಾತಾ! ನಿಂಗೆ ಗೊತ್ತಿತ್ತು!"

"ನಿಂಗೂ ಗೊತ್ತಿತ್ತಾ?" ತಾತ ಭೂತಗನ್ನಡಿ ಕೆಳಗಿಟ್ಟರು. "ಮತ್ಯಾಕೆ ಹೇಳ್ಲಿಲ್ಲ?"

"ನೀನೇ ಕಂಡುಹಿಡೀಲಿ ಅಂತ. ನೀನ್ಯಾಕೆ ಹೇಳ್ಲಿಲ್ಲ?"

"ನೀನೇ ಕಂಡುಹಿಡೀಲಿ ಅಂತ ಕಣೇ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಚಿಟಿಕೆ ತಾತನ ಕೈ ನೋಡಿದಳು. ಅದು ನಡುಗುತ್ತಲೇ ಇತ್ತು. ಕೈ ನಡುಗಿದರೆ ತಾತನ ತಲೆಯೂ ಸೋತುಹೋಗಿರುತ್ತದೆ ಎಂದು ತಾನು ಅಂದುಕೊಂಡಿದ್ದನ್ನು ನೆನೆದು ಅವಳಿಗೆ ನಾಚಿಕೆಯಾಯಿತು. ಅವಳು ತಾತನಿಗೆ ಒತ್ತಿಕೊಂಡು ಕೂತಳು.

ಆಮೇಲಿನದು ಐದು ನಿಮಿಷದ ಕೆಲಸ. ಹೊಸದೊಂದನ್ನೇ ಹಾಕಿ, ಆನ್ ಮಾಡಿ, ಸೆಟ್ಟಿಂಗ್ಸಿನಲ್ಲಿ ವೇಗವನ್ನು 2400ಕ್ಕೆ ಇಳಿಸಿದರು. ಆಫ್ ಮಾಡಿ, ವೈರ್ ತೆಗೆದು, ಹಳೆಯದನ್ನೂ ಹಾಕಿದರು. ಟಕ್, ಟಕ್ ಎಂದು ಎರಡೂ ತುದಿ ಕೂತವು. ಚಿಟಿಕೆ ಉಸಿರು ಹಿಡಿದು ಬಟನ್ ಒತ್ತಿದಳು.

ಒಂದೇ ಒಂದು ಬೀಪ್. ಪರದೆ ನೀಲಿಯಾಗಿ ಬೆಳಗಿತು. ಎರಡು ಪಟ್ಟಿಯ ಎಂಟು, ಎಂಟು ಸೇರಿ ಹದಿನಾರು ಜಿಬಿ ಮೆಮೊರಿ ಎಂದು ತೋರಿಸಿತು.

ಸಂಜೆ ಅಪ್ಪ ಒಳಗೆ ಬಂದವನು ಬ್ಯಾಗ್ ಹೆಗಲಲ್ಲಿರುವಂತೆಯೇ ನಿಂತುಬಿಟ್ಟ. "ಅರೆ, ಆಗೇಹೋಯ್ತಾ! ಏನಾಗಿತ್ತು? ಯಾರು ಕಂಡುಹಿಡಿದಿದ್ದು?"

ಚಿಟಿಕೆ ತಾತನನ್ನು ನೋಡಿದಳು. ತಾತ ಚಿಟಿಕೆಯನ್ನು ನೋಡಿದರು.

"ಯಾಕೆ, ಇಬ್ರೂ ಮೂಗರಾಗಿಬಿಟ್ರಾ?" ಎಂದ ಅಪ್ಪ.

ಚಿಟಿಕೆಗೆ ಒಂದಿಷ್ಟೂ ಅವಸರವಾಗಲಿಲ್ಲ. ತಾತ ಹೇಳುವವರೆಗೂ ಕಾಯೋಣ ಎಂದುಕೊಂಡಳು. ತಾತನೂ ಅದನ್ನೇ ಅಂದುಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಈಗ ಗೊತ್ತಿತ್ತು.