ಬುರುಜಿನ ಮೇಲೆ ಬಿಟ್ಟ ದುರ್ಬೀನು

ಸತ್ತವನನ್ನು ಅವರು ಮುಕ್ಕಾಲು ಗಂಟೆ ಬೈದರು. ಅವನು ಸತ್ತಿದ್ದಾನೆಂದು ಗೊತ್ತಿರಲಿಲ್ಲ, ಅಷ್ಟೆ.

ವ್ಯಾನು ಕೋಟೆಯ ಹೆಬ್ಬಾಗಿಲಿನೆದುರು ಬಿಸಿಲಿನಲ್ಲಿ ನಿಂತಿತ್ತು. ಸೀಟುಗಳು ಕಾದ ಹೆಂಚಿನಂತಾಗಿದ್ದವು. ಒಂದು ಅಭಯಾರಣ್ಯ, ಒಂದು ಹಾಳು ಅರಮನೆ, ಮತ್ತೊಂದು ಅಭಯಾರಣ್ಯ, ಈಗ ಈ ಕೋಟೆ. ಇಷ್ಟು ದಿನದ ಪ್ರವಾಸದಲ್ಲಿ ಯಾರಿಗೂ ಹುಲಿಯ ಮುಖ ಕಂಡಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಮಾತ್ರ ಕಂಡು ಕಂಡು ಸಾಕಾಗಿತ್ತು.

"ಎಲ್ಲಿ ಹೋಗಿ ಸತ್ನೋ ಆ ಪೀಪಿ!" ಎಂದರು ಚೇರ್ಮನ್.

ಅವರು ಎಲ್ಲಿಯೂ ಚೇರ್ಮನ್ ಆಗಿದ್ದವರಲ್ಲ. ಮೊದಲ ದಿನವೇ ಮುಂದಿನ ಸೀಟು ಹಿಡಿದು ಎಲ್ಲರಿಗೂ ಅಪ್ಪಣೆ ಕೊಡತೊಡಗಿದ್ದಕ್ಕೆ ಬಂದ ಬಿರುದು ಅದು. ಪೀಪಿ ಅಂದರೆ ಗೈಡು. ಕೊರಳಲ್ಲೊಂದು ಸೀಟಿ, ಅದರ ಜೊತೆಗೊಂದು ದುರ್ಬೀನು. ಸೀಟಿ ಊದಿ ಊದಿ ಜನರನ್ನು ಕುರಿಗಳಂತೆ ಅಟ್ಟುತ್ತಿದ್ದ. ವ್ಯಾನಿನ ಡ್ರೈವರು ಅವನ ಸ್ವಂತ ಅಣ್ಣ. ಇಬ್ಬರಿಗೂ ಮಾತಿಲ್ಲ. "ಡ್ರೈವರಿಗೆ ಇಲ್ಲೇ ನಿಲ್ಲಿಸೋಕೆ ಹೇಳಿ" ಎಂದು ಪೀಪಿ ಚೇರ್ಮನ್ನಿಗೆ ಹೇಳುತ್ತಿದ್ದ. ಚೇರ್ಮನ್ ಅದನ್ನು ಪಕ್ಕದಲ್ಲೇ ಕೂತ ಡ್ರೈವರಿಗೆ ದಾಟಿಸಬೇಕಾಗಿತ್ತು.

"ಹಾರ್ನ್ ಹೊಡಿಯಯ್ಯಾ! ನಿನ್ನ ತಮ್ಮನಿಗೆ ಕಿವಿ ಕೇಳಲ್ವಾ?"

ಡ್ರೈವರು ಹಾರ್ನ್ ಒತ್ತಿದ. ಕೋಟೆಯ ಗೋಡೆಯಿಂದ ಅದೇ ಸದ್ದು ತಿರುಗಿ ಬಂತು. ಗೈಡು ಬರಲಿಲ್ಲ.

ಬಂದವನು ಟಿಕೆಟ್ ಕೌಂಟರಿನ ಗುಮಾಸ್ತ. ಏದುಸಿರು ಬಿಡುತ್ತಿದ್ದ. "ಕಂದಕದಲ್ಲಿ ಯಾರೋ ಬಿದ್ದಿದಾರೆ. ಮೇಲಿನ ಬುರುಜಿಂದ. ನಿಮ್ಮವರೇ ಇರ್ಬೇಕು, ಕೊರಳಲ್ಲಿ ಸೀಟಿ ಇದೆ."

ಡ್ರೈವರು ಇಳಿದು ಓಡಿದ. ಬಾಗಿಲು ಮುಚ್ಚುವುದನ್ನೂ ಮರೆತಿದ್ದ.

ಚೇರ್ಮನ್ ಕೈಗಡಿಯಾರ ನೋಡಿಕೊಂಡರು.

*

ಇನ್‌ಸ್ಪೆಕ್ಟರ್ ಬುರುಜಿನ ತುದಿಯಲ್ಲಿ ನಿಂತು ಕೆಳಗೆ ನೋಡಿದಳು. ಅಂಚಿನ ಗೋಡೆ ಅವಳ ಮಂಡಿಯವರೆಗೆ ಮಾತ್ರ ಇತ್ತು. ಎದುರಿಗೆ ಕಂದಕ, ಅದರಾಚೆ ಕಡಿದಾದ ಬಂಡೆ. ಬಂಡೆಯ ಸೀಳಿನಲ್ಲಿ ಏನೋ ಕಪ್ಪಗೆ ಅಲುಗಾಡುತ್ತಿತ್ತು. ಬರಿಗಣ್ಣಿಗೆ ಸ್ಪಷ್ಟವಾಗಲಿಲ್ಲ.

"ಆತ್ಮಹತ್ಯೆ ಮೇಡಂ," ಎಂದ ದಫೇದಾರ. "ದುರ್ಬೀನನ್ನ ಗೋಡೆ ಮೇಲೆ ಜೋಪಾನವಾಗಿ ಇಟ್ಟು ಹಾರಿದಾನೆ. ಕಾಲು ಜಾರಿದ್ರೆ ಅದೂ ಜೊತೆಗೇ ಹೋಗ್ತಿತ್ತಲ್ಲ."

"ದುರ್ಬೀನು ಎಲ್ಲಿ?"

ದಫೇದಾರ ಹೆಮ್ಮೆಯಿಂದ ಚೀಲದಿಂದ ತೆಗೆದ. ಫಳಫಳ ಹೊಳೆಯುತ್ತಿತ್ತು.

"ಒರೆಸಿದ್ಯಾ?"

"ಧೂಳಿತ್ತು ಮೇಡಂ."

"ಬೆರಳಚ್ಚೂ ಇತ್ತು. ನಿನಗೆ ಒಂದು ಪದಕ ಕೊಡಿಸ್ತೀನಿ, ಇರು. ಮತ್ತೇನು ಮಾಡಿದೆ? ಎಳೆದ್ಯಾ, ತಿರುಗಿಸಿದ್ಯಾ?"

"ಇಲ್ಲ, ದೇವರಾಣೆ. ಮೇಲೆ ಮೇಲೆ ಒರೆಸಿದ್ದಷ್ಟೆ."

ಅವಳು ದುರ್ಬೀನನ್ನು ಕಣ್ಣಿಗೆ ಹಿಡಿದಳು. ಎರಡು ಕೊಳವೆಗಳೂ ತೀರಾ ಹತ್ತಿರ ಮಡಚಿಕೊಂಡಿದ್ದವು. ಮೂಗಿಗೆ ಒತ್ತಿದವು. ಕಣ್ಣಿಗೆ ತಾಗುವ ಕಡೆ ಎರಡು ರಬ್ಬರ್ ಬಳೆಗಳಿದ್ದವು. ಎರಡನ್ನೂ ಹಿಂದಕ್ಕೆ ಮಡಚಲಾಗಿತ್ತು.

ಅವಳು ದುರ್ಬೀನನ್ನು ಇಳಿಸಿ ಮತ್ತೆ ಕಂದಕದ ಕಡೆ ನೋಡಿದಳು. ಹೆಣವನ್ನು ಈಗಷ್ಟೇ ಮೇಲಕ್ಕೆತ್ತುತ್ತಿದ್ದರು. ಅಗಲವಾದ ಮುಖ. ದೂರದೂರ ಇದ್ದ ಕಣ್ಣುಗಳು.

"ಇವನು ಕನ್ನಡಕ ಹಾಕ್ತಿದ್ನಾ?"

"ಇಲ್ಲ ಮೇಡಂ. ಹೆಣದ ಹತ್ರಾನೂ ಇರ್ಲಿಲ್ಲ."

ಇನ್‌ಸ್ಪೆಕ್ಟರ್ ಜೇಬಿನಿಂದ ಸೀಮೆಸುಣ್ಣ ತೆಗೆದಳು. ಎರಡು ಕೊಳವೆಗಳು ಕೂಡುವ ಕೀಲಿನ ಮೇಲೆ ಸಣ್ಣ ಗೆರೆ ಎಳೆದಳು. ಯಾಕೆಂದು ದಫೇದಾರನಿಗೆ ಹೇಳಲಿಲ್ಲ. ಅವನೂ ಕೇಳುವ ಧೈರ್ಯ ಮಾಡಲಿಲ್ಲ.

*

ಟಿಕೆಟ್ ಕೌಂಟರಿನ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ನಿಂತುಹೋದ ಫ್ಯಾನು.

"ಇದರಲ್ಲಿ ವಿಚಾರಿಸೋದೇನಿದೆ?" ಚೇರ್ಮನ್ ಕೂರುವ ಮೊದಲೇ ಶುರು ಮಾಡಿದರು. "ಅಣ್ಣನೇ ಮುಗಿಸಿದಾನೆ. ಒಬ್ಬರಿಗೊಬ್ಬರು ಹಾವು ಮುಂಗುಸಿ. ಆ ಡ್ರೈವರು ಕೋಟೆ ಹತ್ತಿ ಹೋಗಿದ್ದನ್ನ ನಾನೇ ಕಣ್ಣಾರೆ ಕಂಡೆ. ಅವನನ್ನ ಒಳಗೆ ಹಾಕಿ, ನಮಗೊಬ್ಬ ಬೇರೆ ಡ್ರೈವರ್ ಕೊಡಿ. ಸಂಜೆ ಸಫಾರಿಗೆ ಟಿಕೆಟ್ ಆಗಿದೆ."

"ನೀವು ಎಲ್ಲಿದ್ರಿ?"

"ಕೆಳಗೆ, ಅರಸರ ಸ್ನಾನದ ಕೊಳದ ಹತ್ರ. ನನ್ನ ಹೆಂಡತಿ ಜೊತೆಗಿದ್ಲು."

ಹೆಂಡತಿ ಮೆಲ್ಲಗೆ ಬಾಯಿ ತೆರೆದರು. "ಹಾವು ಮುಂಗುಸಿ ಅಂತ ಹೇಳೋಕಾಗಲ್ಲ ಮೇಡಂ. ಡ್ರೈವರ್ ಪಾಪ ಮಾತಾಡಿಸ್ತಾನೇ ಇದ್ದ. ನಿನ್ನೆ ಟೀ ತಂದುಕೊಟ್ಟ. ಗೈಡು ಅದನ್ನ ಅವನ ಕಾಲ ಬುಡದಲ್ಲೇ ಚೆಲ್ಲಿಬಿಟ್ಟ."

"ನಿನ್ನನ್ನ ಯಾರಾದ್ರೂ ಕೇಳಿದ್ರಾ?" ಎಂದರು ಚೇರ್ಮನ್.

"ನಾನು ಕೇಳ್ತಿದೀನಿ," ಎಂದಳು ಇನ್‌ಸ್ಪೆಕ್ಟರ್. "ನೀವು ಆಚೆ ಹೋಗಿ ಸಾರ್."

ಚೇರ್ಮನ್ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದರು.

ಆಮೇಲೆ ಬಂದವನನ್ನು ವ್ಯಾನಿನಲ್ಲಿ ಕ್ಯಾಮೆರಾ ಎಂದು ಕರೆಯುತ್ತಿದ್ದರು. ದಪ್ಪ ಕನ್ನಡಕ, ದಪ್ಪ ಮುಖ, ಮೊಣಕೈಯಷ್ಟು ಉದ್ದದ ಲೆನ್ಸು. ಹಕ್ಕಿಗಳ ಚಿತ್ರ ತೆಗೆಯಲು ಬಂದಿದ್ದ. ಬಂದಾಗಿನಿಂದ ಗೈಡಿನ ಜೊತೆ ಜಗಳ.

"ಹೆಬ್ಬಾಗಿಲ ಹತ್ರ ದುರ್ಬೀನು ಕೇಳಿದೆ. ಕೊಡಲಿಲ್ಲ. ‘ನನ್ನ ಕಣ್ಣಿಗೆ ಹೊಂದಿಸ್ಕೊಂಡಿದೀನಿ, ಮುಟ್ಬೇಡ’ ಅಂದ. ನನ್ನ ಮುಂದೇನೇ ಒಂದ್ಸಲ ನೋಡ್ಕೊಂಡು, ಮೇಲಕ್ಕೆ ಹೊರಟ. ದುರಹಂಕಾರಿ! ಸತ್ತೋರ ಬಗ್ಗೆ ಹೀಗೆ ಅನ್ಬಾರದು, ಆದ್ರೆ ಅವನಿದ್ದಿದ್ದೇ ಹಾಗೆ."

"ಆಮೇಲೆ ನೀನು?"

"ಕೊಳದ ಹತ್ರ ಮಿಂಚುಳ್ಳಿ ಸಿಕ್ತು. ಚೇರ್ಮನ್ ನೆರಳು ಫೋಟೋದೊಳಗೆ ಬಂತು ಅಂತ ಅಲ್ಲೂ ಜಗಳ ಆಯ್ತು. ಬೇಕಿದ್ರೆ ಅವರನ್ನೇ ಕೇಳಿ."

ಮೂರನೆಯವರು ದೊಡ್ಡಮ್ಮ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಸಣ್ಣ ದೇಹ, ಕಿರಿದಾದ ಮುಖ, ಕನ್ನಡಕದ ಹಿಂದೆ ಶಾಂತವಾದ ಕಣ್ಣು. ಇಡೀ ವ್ಯಾನಿನಲ್ಲಿ ಯಾರ ಜೊತೆಯೂ ಜಗಳವಾಡದವರು ಅವರೊಬ್ಬರೇ.

"ನನಗೆ ಮಂಡಿನೋವಮ್ಮ. ಮೇಲೆ ಹತ್ತೋಕೆ ಎಲ್ಲಾಗುತ್ತೆ? ಬಾಗಿಲ ಪಕ್ಕದ ಮರದಡಿ ಕೂತಿದ್ದೆ."

"ಯಾರಾದ್ರೂ ನೋಡಿದ್ರಾ?"

"ಮುದುಕೀನ ಯಾರು ನೋಡ್ತಾರೆ?"

ಕೊನೆಗೆ ಡ್ರೈವರನ್ನು ಕರೆಸಿದಳು. ಅವನಿಗೂ ತಮ್ಮನದೇ ಅಗಲ ಮುಖ. ಅಂಗಿಯ ತೋಳಿಗೆ ಕಂದಕದ ಮಣ್ಣು ಮೆತ್ತಿತ್ತು.

"ಕೋಟೆ ಹತ್ತಿದ್ಯಂತೆ?"

"ಅರ್ಧ ಹತ್ತಿದ್ದೆ. ಅವನಿಗೆ ನೀರು ತಗೊಂಡು."

"ಅರ್ಧದಲ್ಲಿ ಯಾಕೆ ಇಳಿದೆ?"

"ನಾನು ಕೊಟ್ಟ ನೀರು ಅವನು ಕುಡಿಯಲ್ಲ."

"ಯಾಕೆ?"

ಅವನು ಗೋಡೆ ನೋಡಿದ. ಇನ್‌ಸ್ಪೆಕ್ಟರ್ ಮೇಜಿಗೆ ಗುದ್ದಿದಳು. "ಬಾಯಿ ಬಿಡದಿದ್ರೆ ಕೊಲೆ ನಿನ್ನ ತಲೆಗೇ ಬರುತ್ತೆ. ಹೊರಗಿರೋರೆಲ್ಲ ಅದನ್ನೇ ಕಾಯ್ತಿದಾರೆ."

"ಬರಲಿ," ಎಂದ ಡ್ರೈವರು.

ಅವನನ್ನು ಕಳಿಸಿದ ಮೇಲೆ ದಫೇದಾರ ತಲೆ ಕೆರೆದುಕೊಂಡ. "ಮೇಡಂ, ಈ ವ್ಯಾನಿನ ಅಣ್ಣತಮ್ಮಂದಿರು ನನಗೆ ನೆನಪಿದಾರೆ. ನಾಲ್ಕು ವರ್ಷದ ಹಿಂದಿನ ಮಾತು. ಕಾಡೊಳಗೆ ಒಂಟಿ ಸಲಗ ಎದುರಾಗಿತ್ತು. ಒಬ್ಬ ಯುವಕ ಫೋಟೋ ತೆಗೀತೀನಿ ಅಂತ ಕೆಳಗಿಳಿದಿದ್ದ. ವ್ಯಾನು ಅವನನ್ನ ಬಿಟ್ಟು ಓಡಿತು. ಆನೆ ಬಿಡುತ್ತಾ? ಗೈಡು ಮಾತ್ರ ಒಂದೇ ಮಾತು ಹೇಳಿದ: ‘ಹೊರಡು ಅಂದಿದ್ದು ನಾನೇ.’ ಜೈಲಿಗೂ ಹೋಗಿಬಂದ."

"ಸತ್ತ ಯುವಕನಿಗೆ ಯಾರಿದ್ರು?"

"ಅಪ್ಪ ಅಮ್ಮ ಇರ್ಲಿಲ್ಲ. ತಾಯಿ ವಯಸ್ಸಿನ ಅಕ್ಕ ಒಬ್ಬಳೇ ಸಾಕಿದ್ಲು ಅಂತ ಕೇಳಿದ್ದೆ. ಆ ಅಕ್ಕನ್ನ ನಾನು ನೋಡಿಲ್ಲ."

ಇನ್‌ಸ್ಪೆಕ್ಟರ್ ಎದ್ದಳು. "ಎಲ್ಲರನ್ನೂ ಅಂಗಳಕ್ಕೆ ಕರಿ."

*

ಅಂಗಳದಲ್ಲಿ ಎಲ್ಲರೂ ದೂರದೂರ ನಿಂತರು. ಒಬ್ಬರ ನೆರಳು ಇನ್ನೊಬ್ಬರಿಗೆ ತಾಗಬಾರದು ಎಂಬಂತೆ. ಡ್ರೈವರು ವ್ಯಾನಿಗೆ ಒರಗಿದ್ದ. ಅವನ ಕಡೆ ನೋಡಿ ಯಾರೋ ನೆಲಕ್ಕೆ ಉಗುಳಿದರು.

"ಇನ್ನೂ ಅವನಿಗೆ ಬೇಡಿ ಹಾಕಿಲ್ವಾ?" ಎಂದರು ಚೇರ್ಮನ್.

"ಕನ್ನಡಕ ಹಾಕಿರೋರು ಮುಂದೆ ಬನ್ನಿ," ಎಂದಳು ಇನ್‌ಸ್ಪೆಕ್ಟರ್. ಚೇರ್ಮನ್, ಕ್ಯಾಮೆರಾ, ದೊಡ್ಡಮ್ಮ ಬಂದರು. ಬುರುಜಿನೆದುರಿನ ಬಂಡೆ ಅಲ್ಲಿಂದಲೂ ಕಾಣುತ್ತಿತ್ತು. "ಎದುರಿನ ಬಂಡೆಯ ಸೀಳಿನಲ್ಲಿ ಏನಿದೆ, ನೋಡಿ ಹೇಳಿ."

ಚೇರ್ಮನ್ ಗೊಣಗುತ್ತ ದುರ್ಬೀನು ಹಿಡಿದರು. "ಏನೂ ಕಾಣಲ್ವಲ್ರೀ!" ಎರಡೂ ಕೊಳವೆ ಹಿಡಿದು ಅಗಲಕ್ಕೆ ಎಳೆದರು. "ಹಾಂ, ಈಗ ಕಾಣ್ತು. ಹಕ್ಕಿಗೂಡು."

ಇನ್‌ಸ್ಪೆಕ್ಟರ್ ದುರ್ಬೀನನ್ನು ವಾಪಸು ಪಡೆದು, ಸೀಮೆಸುಣ್ಣದ ಗೆರೆಗೆ ಸರಿಯಾಗಿ ಮಡಚಿದಳು. ಕ್ಯಾಮೆರಾನ ಕೈಗಿತ್ತಳು. ಅವನು ಕಣ್ಣಿಗೆ ಹಿಡಿಯುವ ಮೊದಲೇ ಅಗಲಿಸಿಕೊಂಡ. "ರಣಹದ್ದು. ಅಪರೂಪದ್ದು."

ಮತ್ತೆ ಗೆರೆಗೆ ಮಡಚಿ ದೊಡ್ಡಮ್ಮನ ಕೈಗಿತ್ತಳು.

ದೊಡ್ಡಮ್ಮ ಕನ್ನಡಕದ ಮೇಲೇ ದುರ್ಬೀನನ್ನು ಇಟ್ಟುಕೊಂಡರು. ಎಳೆಯಲಿಲ್ಲ. ಒತ್ತಲಿಲ್ಲ. ಯಾವುದನ್ನೂ ತಿರುಗಿಸಲಿಲ್ಲ.

"ಗೂಡಲ್ಲಿ ಮರಿ ಇದೆ," ಎಂದರು. "ಕತ್ತು ಚಾಚ್ತಾ ಇದೆ."

"ಚೆನ್ನಾಗಿ ಕಾಣುತ್ತಾ?"

"ಚೆನ್ನಾಗಿ ಕಾಣುತ್ತಮ್ಮ."

"ಕಾಣಲೇಬೇಕು. ನಿಮ್ಮ ಕಣ್ಣಿಗೆ ನೀವೇ ಹೊಂದಿಸಿ ಇಟ್ಟಿದ್ದಲ್ವಾ?"

ದೊಡ್ಡಮ್ಮನ ಕೈ ಮೆಲ್ಲಗೆ ಕೆಳಗಿಳಿಯಿತು.

"ಹೆಬ್ಬಾಗಿಲ ಹತ್ರ ಇದು ಗೈಡಿನ ಕಣ್ಣಿಗೆ ಹೊಂದಿಕೊಂಡಿತ್ತು," ಎಂದಳು ಇನ್‌ಸ್ಪೆಕ್ಟರ್. "ಅಗಲ ಮುಖ, ಕನ್ನಡಕ ಇಲ್ಲ. ಬುರುಜಿನ ಮೇಲೆ ನಮಗೆ ಸಿಕ್ಕಾಗ ಕೊಳವೆ ಮಡಚಿತ್ತು, ರಬ್ಬರ್ ಹಿಂದಕ್ಕೆ ಹೋಗಿತ್ತು. ಕನ್ನಡಕದವರು ಮಾತ್ರ ರಬ್ಬರನ್ನ ಹಾಗೆ ಮಡಚ್ತಾರೆ. ಡ್ರೈವರಿಗೂ ತಮ್ಮನದೇ ಅಗಲ ಮುಖ, ಕನ್ನಡಕ ಇಲ್ಲ. ಕನ್ನಡಕದ ಉಳಿದಿಬ್ಬರು, ಚೇರ್ಮನ್ನೂ ಈ ಕ್ಯಾಮೆರಾದವನೂ, ಕೊಳದ ಹತ್ರ ಕಚ್ಚಾಡ್ತಿದ್ರು. ನೀವು ಮಂಡಿನೋವು, ಹತ್ತಲೇ ಇಲ್ಲ ಅಂದ್ರಿ. ದುರ್ಬೀನು ತಾನಾಗಿ ಇಳಿದು ಮರದಡಿಗೆ ಬಂದು, ಮತ್ತೆ ಹತ್ತಿ ಹೋಯ್ತಾ? ಆ ಕಾಡಿನಲ್ಲಿ ಸತ್ತವನು ನಿಮಗೇನಾಗಬೇಕು?"

ಚೇರ್ಮನ್ನಿನ ಹೆಂಡತಿ "ದೊಡ್ಡಮ್ಮಾ..." ಎಂದು ಒಂದು ಹೆಜ್ಜೆ ಮುಂದಿಟ್ಟರು.

"ಮುಟ್ಬೇಡ ನನ್ನ," ಎಂದರು ದೊಡ್ಡಮ್ಮ. ಆ ದನಿಯನ್ನು ವ್ಯಾನಿನವರು ಈವರೆಗೆ ಕೇಳಿರಲಿಲ್ಲ. "ಅವನು ನನ್ನ ತಮ್ಮ. ಎದೆಹಾಲೊಂದು ಬಿಟ್ಟು ಎಲ್ಲ ಕೊಟ್ಟು ಬೆಳೆಸಿದ್ದೆ. ಇವರ ವ್ಯಾನಿಗೆ ಹತ್ತಿಸಿ ನಾನೇ ಕೈಬೀಸಿ ಕಳಿಸಿದ್ದೆ."

"ಬುರುಜಿನ ಮೇಲೆ ಏನಾಯ್ತು?"

"ಗೂಡು ತೋರಿಸು ಅಂದೆ. ನಾನು ಯಾರು ಅಂತ ಗೊತ್ತಿಲ್ಲದೆ ದುರ್ಬೀನು ಕೊಟ್ಟ. ನೋಡಿದೆ. ಆಮೇಲೆ ಯಾರು ಅಂತ ಹೇಳಿದೆ. ‘ಇವತ್ತಾದ್ರೂ ನಿಜ ಹೇಳು, ಹೊರಡು ಅಂದಿದ್ದು ನೀನೇನಾ?’ ಅಂತ ಕೇಳಿದೆ. ‘ನಾನೇ’ ಅಂದ. ಕ್ಷಮಿಸಿ ಅಂತ ಒಂದು ಮಾತು ಬರಲಿಲ್ಲ ಆ ಬಾಯಲ್ಲಿ. ದುರ್ಬೀನು ಗೋಡೆ ಮೇಲಿಟ್ಟೆ. ತಳ್ಳೋಕೆ ಎರಡೂ ಕೈ ಬೇಕಿತ್ತು."

ದಫೇದಾರ ಅವರ ಪಕ್ಕಕ್ಕೆ ಬಂದು ನಿಂತ. ದೊಡ್ಡಮ್ಮ ಅವನ ಕಡೆ ನೋಡಲೂ ಇಲ್ಲ.

"ನನಗೆ ಪಶ್ಚಾತ್ತಾಪ ಇಲ್ಲ. ಬರ್ಕೊಳ್ಳಿ."

"ಬರ್ಕೊಳ್ತೀನಿ," ಎಂದಳು ಇನ್‌ಸ್ಪೆಕ್ಟರ್. "ಆದ್ರೆ ಒಂದು ಲೆಕ್ಕ ನನಗೆ ಕೂಡ್ತಿಲ್ಲ." ಅವಳು ವ್ಯಾನಿನ ಕಡೆ ತಿರುಗಿದಳು. "ಡ್ರೈವರ್, ಇಲ್ಲಿ ಬಾ. ಇಬ್ಬರಿಗೂ ಮಾತಿಲ್ಲ ಅಂತ ಎಲ್ಲರೂ ಅಂದ್ರು. ಆದ್ರೆ ನೀನು ಮಾತಾಡಿಸ್ತಿದ್ದೆ. ಟೀ ಕೊಡ್ತಿದ್ದೆ. ನೀರು ಹೊತ್ಕೊಂಡು ಹೋಗ್ತಿದ್ದೆ. ಮುಖ ತಿರುಗಿಸ್ತಿದ್ದವನು ಅವನು. ಹೊರಡು ಅಂದದ್ದು ಅವನೇ ಆಗಿದ್ರೆ, ತಪ್ಪು ಅವನದು. ತಪ್ಪು ಮಾಡಿದವನು ತಪ್ಪಿಲ್ಲದ ಅಣ್ಣನ ಮೇಲೆ ನಾಲ್ಕು ವರ್ಷ ಮುನಿಸು ಹಿಡೀತಾನಾ?"

ಡ್ರೈವರು ತೋಳಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆದ.

"ಅವನು ನಿಲ್ಲಿಸು ಅಂದಿದ್ದ. ಅಲ್ವಾ?"

ಅವನು ತಲೆಯಾಡಿಸಿದ. ಇಲ್ಲ ಎಂದಲ್ಲ.

"ನೀನು ನಿಲ್ಲಿಸಲಿಲ್ಲ."

"ನನಗೆ ಮೂರು ಮಕ್ಕಳು," ಎಂದ ಡ್ರೈವರು. "ಅವನಿಗೆ ಮದುವೆ ಆಗಿರ್ಲಿಲ್ಲ. ‘ನಾನು ಒಪ್ಕೊಳ್ತೀನಿ, ನೀನು ಮನೆ ನೋಡ್ಕೋ’ ಅಂದ. ಅದೇ ಕೊನೇ ಮಾತು. ಆಮೇಲೆ ನನ್ನ ಹತ್ರ ಮಾತಾಡಲೇ ಇಲ್ಲ."

ದೊಡ್ಡಮ್ಮ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಡ್ರೈವರನ್ನು ನೋಡಿದರು. ಇಷ್ಟು ದಿನ ಅವನ ಬೆನ್ನ ಹಿಂದಿನ ಸೀಟಿನಲ್ಲೇ ಕೂತು ಬಂದಿದ್ದರು.

*

ಜೀಪಿನ ಹಿಂಭಾಗದಲ್ಲಿ ಎದುರುಬದುರು ಎರಡು ಉದ್ದ ಸೀಟು. ದೊಡ್ಡಮ್ಮನನ್ನು ಒಂದು ಕಡೆ ಕೂರಿಸಿದರು.

"ನೀನೂ ಹತ್ತು," ಎಂದಳು ಇನ್‌ಸ್ಪೆಕ್ಟರ್ ಡ್ರೈವರಿಗೆ. "ಹಳೇ ಕೇಸನ್ನೂ ತೆರೀಬೇಕು."

"ಅಯ್ಯೋ, ವ್ಯಾನ್ ಯಾರು ಓಡಿಸ್ತಾರೆ?" ಎಂದು ಚೇರ್ಮನ್ ಹಿಂದೆ ಹಿಂದೆ ಬಂದರು. "ನಮ್ಮ ಗತಿ ಏನು?"

ಅವರ ಹೆಂಡತಿ ವ್ಯಾನಿನಿಂದ ತಮ್ಮ ಚೀಲವೊಂದನ್ನೇ ಇಳಿಸಿಕೊಳ್ಳುತ್ತಿದ್ದರು.

ಡ್ರೈವರು ಹತ್ತಿ ಎದುರಿನ ಸೀಟಿನಲ್ಲಿ ಕೂತ. ಇಬ್ಬರ ಮಂಡಿಗಳ ನಡುವೆ ಒಂದು ಗೇಣು ಜಾಗ. ಜೀಪು ಅಲುಗಿತು.

"ಅಮ್ಮಾ," ಎಂದ ಡ್ರೈವರು. "ಅವನನ್ನ ಯಾಕೆ... ನನ್ನನ್ನ ಒಂದ್ಮಾತು ಕೇಳಬಹುದಿತ್ತಲ್ಲ."

ದೊಡ್ಡಮ್ಮ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಕೇಳಿದ್ರೆ ಹೇಳ್ತಿದ್ಯಾ?"

ಜೀಪು ಹೆಬ್ಬಾಗಿಲು ದಾಟಿ ದೊಡ್ಡ ರಸ್ತೆಗೆ ಬಂದರೂ ಅವನು ಬಾಯಿ ಬಿಡಲಿಲ್ಲ.